ಹಂಗಿಲ್ಲದ ತುತ್ತು



ಕಡವು ಎಂದರೆ ಹೊಳೆ ದಾಟುವ ತಾಣ. ನಮ್ಮ ಕರಾವಳಿಯಲ್ಲೂ ಆ ಮಾತಿದೆ, ವಯನಾಡಿನ ಮಲಯಾಳದಲ್ಲೂ ಇದೆ. ಮರಕ್ಕಡವು ಅಂಥದೊಂದು ತಾಣ. ಕೇರಳದ ವಯನಾಡು ಜಿಲ್ಲೆಯಲ್ಲಿ, ಪುಲ್ಪಳ್ಳಿ ದಾಟಿ ಮುಂದೆ, ಕಬಿನಿಯ ದಡದಲ್ಲಿರುವ ಊರು. ಅಲ್ಲಿ ನಿಂತು ಕಣ್ಣೆತ್ತಿದರೆ ಎದುರಿಗೆ ಕಾಣುವುದೇ ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೈರಕುಪ್ಪೆ. ಕೇರಳದ 44 ನದಿಗಳಲ್ಲಿ ಮೂಡಲಿಗೆ ಹರಿಯುವವು 3 ಮಾತ್ರ. ಅವುಗಳಲ್ಲಿ ಒಂದಾದ ಕಬಿನಿ ಇಲ್ಲಿ ಎರಡು ರಾಜ್ಯಗಳ ನಡುವಿನ ಗೆರೆಯಾಗಿದೆ. ಆದರೆ ಜನಕ್ಕೆ ಅದು ಗೆರೆಯಲ್ಲ, ದೋಣಿಯಲ್ಲಿ ಕೂತರೆ ಕೆಲವೇ ನಿಮಿಷದ ದಾರಿ. ಸಂತೆಗೆ, ಶಾಲೆಗೆ, ಆಸ್ಪತ್ರೆಗೆ, ಕೂಲಿಗೆ ಆಚೆಯವರು ಈಚೆ, ಈಚೆಯವರು ಆಚೆ ದಾಟುತ್ತಲೇ ಇರುತ್ತಾರೆ. ನೆಂಟಸ್ತಿಕೆಯೂ ದಾಟಿದೆ.

ಆ ಹೊಳೆಯನ್ನು ಒಂದು ಸಂಜೆ ಕೊನೆಯ ದೋಣಿಯಲ್ಲಿ ದಾಟಿದ ಒಬ್ಬ ಹುಡುಗಿಯ ಬಗ್ಗೆ ಇವತ್ತು ನಿಮ್ಮ ಮುಂದೆ ಮಾತಾಡಬೇಕು. ಅವಳ ಹೆಸರು ಹೇಳುವುದಿಲ್ಲ, ಹೇಳಲೂಬಾರದು. ಗುರುತು ಸಿಗದ ಹಾಗೆ ಒಂದೆರಡು ವಿವರಗಳನ್ನು ಬದಲಾಯಿಸಿದ್ದೇನೆ.

ನಾನು ಆಗ ಹೊಳೆಯ ಈಚೆ ದಡದ ಒಂದು ಶಾಲೆಯಲ್ಲಿ ಟೀಚರಾಗಿದ್ದೆ. ಹುಡುಗಿಗೆ ಎಂಟು ವರ್ಷ, ಮೂರನೆಯ ಕ್ಲಾಸು. ತಾಯಿ ಕೊಡಗಿನ ತೋಟಕ್ಕೆ ಕೆಲಸಕ್ಕೆ ಹೋದವಳು ತಿಂಗಳುಗಟ್ಟಲೆ ಅಲ್ಲೇ. ಮನೆಯಲ್ಲಿ ತಂದೆ. ಕುಡಿಯದ ದಿನ ಒಳ್ಳೆಯವನೇ, ಆದರೆ ಅಂಥ ದಿನಗಳು ಕಡಿಮೆ. ಬಿಸಿಲಿನ ದಿನವೂ ಆ ಹುಡುಗಿ ತುಂಬುತೋಳಿನ ಸ್ವೆಟರ್ ಹಾಕಿಕೊಂಡು ಬರುತ್ತಿದ್ದಳು. ಒಂದು ದಿನ ಬೋರ್ಡಿನ ಮೇಲೆ ಲೆಕ್ಕ ಬರೆಯಲು ಕೈ ಎತ್ತಿದಾಗ ತೋಳು ಜಾರಿತು. ಮೊಣಕೈ ಮೇಲೆ ಬೆಲ್ಟಿನ ಬಕಲಿನ ಗುರುತು, ಚೌಕಾಕಾರ, ನೀಲಿಗಟ್ಟಿತ್ತು. ನಾನು ನೋಡಿದೆ. ನಾನು ನೋಡಿದ್ದನ್ನು ಅವಳೂ ನೋಡಿದಳು. ನಾನು ಏನೂ ಕೇಳಲಿಲ್ಲ. ಮನೆ ವಿಷಯ, ನಾವು ಹೇಗೆ ಬಾಯಿ ಹಾಕುವುದು ಅಂದುಕೊಂಡೆ. ಹದಿನೈದು ದಿನದ ಮೇಲೆ ಅವಳು ಶಾಲೆಗೆ ಬರುವುದು ನಿಂತಿತು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ದಿನವೂ ಗೈರುಹಾಜರಿ ಬರೆಯುತ್ತಾ ಹೋದೆ. ಆ ಕಾಲಂ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ನಾನು ಮಾಡಬೇಕಾದ್ದನ್ನು ಅವಳ ಅಜ್ಜಿ ಮಾಡಿದ್ದರು. ಸುದ್ದಿ ಕಿವಿಗೆ ಬಿದ್ದ ದಿನವೇ ಮರಕ್ಕಡವಿನಿಂದ ದೋಣಿ ಹತ್ತಿ ಬಂದು, ಮೊಮ್ಮಗಳ ಎರಡು ಜೊತೆ ಬಟ್ಟೆಯನ್ನು ಚೀಲಕ್ಕೆ ತುಂಬಿ, ಯಾರ ಅಪ್ಪಣೆಗೂ ಕಾಯದೆ ಕರೆದುಕೊಂಡು ಹೋಗಿದ್ದರು. ಪೊಲೀಸರಿಲ್ಲ, ಕೋರ್ಟಿಲ್ಲ, ಒಂದು ಸಹಿಯಿಲ್ಲ. ನಮ್ಮ ನಾಡಿನಲ್ಲಿ ಪೆಟ್ಟು ತಿಂದ ಮಕ್ಕಳು ಹೀಗೇ ಬದುಕಿಕೊಳ್ಳುತ್ತಾರೆ. ಅಜ್ಜಿ, ಸೋದರಮಾವ, ದೊಡ್ಡಮ್ಮ, ಅತ್ತೆ, ಯಾರೋ ಒಬ್ಬರು ಬಂದು ಕೈಹಿಡಿದು ಕರೆದೊಯ್ಯುತ್ತಾರೆ. ವಿಶ್ವಸಂಸ್ಥೆ 2009ರಲ್ಲಿ ಒಪ್ಪಿದ ಮಕ್ಕಳ ಬದಲಿ ಪಾಲನೆಯ ಮಾರ್ಗಸೂಚಿಯಲ್ಲಿ ಇದಕ್ಕೆ ಅನೌಪಚಾರಿಕ ಪಾಲನೆ ಎಂಬ ಹೆಸರಿದೆ. ಯಾವ ಅಧಿಕಾರಿಯ ಆದೇಶವೂ ಇಲ್ಲದೆ ನೆಂಟರೇ ನಡೆಸುವ ಪಾಲನೆ ಎಂದು ಅರ್ಥ. ಅಜ್ಜಿಗೆ ಆ ಹೆಸರು ಗೊತ್ತಿರಲಿಲ್ಲ. ಅವರು ಹೇಳಿದ್ದು ಇಷ್ಟೇ: "ನನ್ನ ಕರುಳು ಟೀಚರಮ್ಮ, ಬಿಟ್ಟು ಬರಕ್ಕಾಯ್ತದಾ?"

ನಾನು ಟಿ.ಸಿ. ಹಿಡಿದುಕೊಂಡು ಮರಕ್ಕಡವಿಗೆ ಹೋದಾಗ ಅವಳು ಬಂದು ಒಂದು ತಿಂಗಳಾಗಿತ್ತು. ಹುಡುಗಿ ನನ್ನ ಹತ್ತಿರ ಬರಲಿಲ್ಲ, ಬಾಗಿಲ ಹಿಂದೆ ನಿಂತಿದ್ದಳು. ಅಜ್ಜಿ ಅಡುಗೆಮನೆಗೆ ಕರೆದು ಮೆಲ್ಲಗೆ ಒಂದು ವಿಷಯ ಹೇಳಿದರು. ಹಾಸಿಗೆ ಕೊಡವುವಾಗ ಕಂಬಳಿಯ ಮಡಿಕೆಯಲ್ಲಿ ಒಣಗಿದ ದೋಸೆ ಚೂರು ಸಿಕ್ಕಿತಂತೆ. ಮಾರನೆಯ ದಿನ ಬೇಯಿಸಿದ ಮರಗೆಣಸಿನ ತುಂಡು, ಅದಕ್ಕೆ ಇರುವೆ ಮುತ್ತಿತ್ತು. ಅಕ್ಕಪಕ್ಕದವರು ಕಳ್ಳಬುದ್ಧಿ ಅಂದರು. ಅಜ್ಜಿ ಬೈಯಲಿಲ್ಲ. ಒಂದು ಹಳೆಯ ಹಾರ್ಲಿಕ್ಸ್ ಡಬ್ಬಿಯನ್ನು ತೊಳೆದು ಒಣಗಿಸಿ, ಅದರಲ್ಲಿ ಹುರಿದ ಕಡಲೆಬೀಜ, ಅರ್ಧ ಅಚ್ಚು ಬೆಲ್ಲ ಹಾಕಿ ಹುಡುಗಿಯ ತಲೆದೆಸೆಯಲ್ಲಿಟ್ಟರು. "ಇದು ನಿಂದು ಮಗಾ. ರಾತ್ರಿ ಹಸಿವಾದ್ರೆ ತಿನ್ನು. ಖಾಲಿಯಾದ್ರೆ ನಾನು ತುಂಬ್ತೀನಿ, ಕೇಳಬೇಕಾಗಿಲ್ಲ" ಅಂದರು. ಮೊದಮೊದಲು ಡಬ್ಬಿ ಬೆಳಗಾಗುವಷ್ಟರಲ್ಲಿ ಖಾಲಿ. ಆಮೇಲೆ ಅರ್ಧ ಉಳಿಯತೊಡಗಿತು. ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಡಬ್ಬಿಯನ್ನು ಮುಟ್ಟುವುದನ್ನೇ ಬಿಟ್ಟಿದ್ದಳು.

ಮಕ್ಕಳ ಮನಸ್ಸಿನ ವೈದ್ಯರು ಇಂಥದನ್ನು ಚೆನ್ನಾಗಿ ಬಲ್ಲರು. ಹಸಿವು, ಹೊಡೆತ, ಬೈಗುಳಗಳ ನಡುವೆ ಬೆಳೆದ ಮಗು ನಾಳೆಯನ್ನು ನಂಬುವುದಿಲ್ಲ. ಅದಕ್ಕೇ ತುತ್ತನ್ನು ಬಚ್ಚಿಡುತ್ತದೆ. ಬಾಗಿಲು ಜೋರಾಗಿ ಬಡಿದರೆ ಬೆಚ್ಚುತ್ತದೆ, ಹಾಸಿಗೆ ಒದ್ದೆ ಮಾಡಿಕೊಳ್ಳುತ್ತದೆ. ಕೆಲವು ಮಕ್ಕಳು ಕಾರಣವಿಲ್ಲದೆ ಸಿಡುಕುತ್ತವೆ. ಇನ್ನು ಕೆಲವು ಹೇಳಿದ್ದನ್ನೆಲ್ಲ ತುಟಿ ಬಿಚ್ಚದೆ ಮಾಡುತ್ತವೆ. ಎಷ್ಟು ಒಳ್ಳೆಯ ಮಗು ಅಂತ ನಾವು ಹೊಗಳುತ್ತೇವೆ. ಅದು ಒಳ್ಳೆಯತನವಲ್ಲ, ಹೆದರಿಕೆ. ಬಾಲ್ಯದ ಇಂಥ ಗಾಯಗಳು ದೊಡ್ಡವರಾದ ಮೇಲೂ ದೇಹ, ಮನಸ್ಸು ಎರಡನ್ನೂ ಕಾಡುತ್ತವೆ ಎಂಬುದನ್ನು ಅಮೆರಿಕದಲ್ಲಿ 1998ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ತೋರಿಸಿಕೊಟ್ಟಿತು. ಮಗುವನ್ನು ಹೊಡೆತದ ಮನೆಯಿಂದ ಕರೆದುತಂದ ದಿನ ಗಾಯ ಮಾಯುವುದಿಲ್ಲ. ಮಾಯಲು ಶುರುವಾಗುವುದು ಅವತ್ತಿನಿಂದ, ಅಷ್ಟೇ.

ಇದು ಎಲ್ಲೋ ಒಂದು ಮನೆಯ ಕಥೆಯೂ ಅಲ್ಲ. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿ ಒಂದು ವರದಿ ಹೊರತಂದಿತು. ಮೂವರಲ್ಲಿ ಇಬ್ಬರು ಮಕ್ಕಳು ಪೆಟ್ಟು ತಿಂದವರು. ಮನೆಯೊಳಗೆ ಪೆಟ್ಟು ತಿಂದವರಲ್ಲಿ ಶೇಕಡ 88.6 ಮಕ್ಕಳಿಗೆ ಹೊಡೆದವರು ಹೆತ್ತವರೇ. ಹೆತ್ತ ಮನೆಯೇ ಹೀಗಾದಾಗ ಮಗು ಓಡಿಹೋಗಲು ಒಂದು ಜಾಗ ಬೇಕು. ಅದು ಅಜ್ಜಿಮನೆ.

ನೆಂಟರ ಮನೆ ಮಗುವಿಗೆ ಒಳ್ಳೆಯದೇ? ಒಳ್ಳೆಯದು ಎಂದು ಹೇಳಲು ಸಾಕಷ್ಟು ಆಧಾರವಿದೆ. ಹೆತ್ತವರಿಂದ ಬೇರೆ ಮಾಡಬೇಕಾಗಿ ಬಂದ ಮಕ್ಕಳ ಬಗ್ಗೆ ನಡೆದ 102 ಅಧ್ಯಯನಗಳನ್ನು 2014ರಲ್ಲಿ ಒಟ್ಟಿಗಿಟ್ಟು ಪರಿಶೀಲಿಸಲಾಯಿತು. ಗುರುತಿಲ್ಲದ ಪೋಷಕರ ಮನೆಯಲ್ಲಿ ಬೆಳೆದ ಮಕ್ಕಳಿಗಿಂತ ನೆಂಟರ ಮನೆಯಲ್ಲಿ ಬೆಳೆದವರಲ್ಲಿ ನಡವಳಿಕೆಯ ತೊಂದರೆ ಕಡಿಮೆ, ಮನಸ್ಸಿನ ಕಾಯಿಲೆ ಕಡಿಮೆ, ಮನೆಯಿಂದ ಮನೆಗೆ ಅಲೆಯುವುದೂ ಕಡಿಮೆ ಎಂದು ಕಂಡುಬಂತು. ಆದರೆ ಅದೇ ಪರಿಶೀಲನೆಯಲ್ಲಿ ಇನ್ನೊಂದು ವಿಷಯವೂ ಇದೆ. ನೆಂಟರ ಮನೆಯ ಮಕ್ಕಳಿಗೆ ಮನೋವೈದ್ಯರ ನೆರವು ಸಿಗುವುದೂ ಕಡಿಮೆ. ಮಗು ಅಜ್ಜಿಮನೆ ಸೇರಿತಲ್ಲ, ಇನ್ನೇನು ಚಿಂತೆ ಎಂದು ಹೊರಗಿನವರೆಲ್ಲ ಕೈತೊಳೆದುಕೊಳ್ಳುತ್ತೇವೆ. ನಾವು ತಪ್ಪುವುದು ಇಲ್ಲೇ.

ಅಜ್ಜಿಯ ಪಾಡನ್ನು ನೋಡಿ. ಹುಡುಗಿಯ ಆಧಾರ್ ಕಾರ್ಡಿನಲ್ಲಿ ಕರ್ನಾಟಕದ ವಿಳಾಸ. ಹೆಸರು ಇರುವುದು ಅಪ್ಪನ ರೇಷನ್ ಕಾರ್ಡಿನಲ್ಲಿ. ಅವಳ ಪಾಲಿನ ಅಕ್ಕಿ ಹೊಳೆಯ ಈ ದಡದಲ್ಲಿ, ಹೊಟ್ಟೆ ಆ ದಡದಲ್ಲಿ. ಶಾಲೆಯಲ್ಲಿ ಪೋಷಕರ ಸಹಿ ಯಾರದು ಅಂತ ಕೇಳುತ್ತಾರೆ, ಆಸ್ಪತ್ರೆಯಲ್ಲಿ ತಂದೆ ಎಲ್ಲಿ ಅಂತ ಕೇಳುತ್ತಾರೆ. ಅಜ್ಜಿಗೆ ಕೂಲಿಯೇ ಗತಿ. ವಯನಾಡಿನ ಹಾಡಿಗಳಿಂದ ಎಷ್ಟೋ ಜನ ಶುಂಠಿ ಕೆಲಸಕ್ಕೆಂದು ಕೊಡಗು, ಮೈಸೂರು ಕಡೆಗೆ ಹೋಗುತ್ತಾರೆ, ಅವರ ಮಕ್ಕಳೂ ಅಜ್ಜಿಯರ ಮಡಿಲಲ್ಲೇ. ಮುದುಕಿಯರ ದುಡಿಮೆಯ ಮೇಲೆ ಎಷ್ಟು ಮಕ್ಕಳು ಬದುಕುತ್ತಿದ್ದಾರೆ ಎಂಬುದನ್ನು ನಾವು ಯಾರೂ ಎಣಿಸಿಲ್ಲ.

ಸರ್ಕಾರದ ಕೆಲವು ನೆರವುಗಳಿವೆ. ಕೇರಳದಲ್ಲಿ ಸ್ನೇಹಪೂರ್ವಂ ಎಂಬ ಯೋಜನೆ ಇದೆ. ನೆಂಟರ ಮನೆಯಲ್ಲಿ ಬೆಳೆಯುವ ಅನಾಥ ಮಕ್ಕಳಿಗೆ ಓದಿನ ಹಂತಕ್ಕೆ ತಕ್ಕ ಹಾಗೆ ತಿಂಗಳ ಸಹಾಯಧನ ಕೊಡುತ್ತದೆ. ತುಂಬ ಒಳ್ಳೆಯ ಯೋಜನೆ. ಆದರೆ ಅದಕ್ಕೆ ತಂದೆಯೋ ತಾಯಿಯೋ ತೀರಿಕೊಂಡಿರಬೇಕು. ನಮ್ಮ ಹುಡುಗಿಯ ಅಪ್ಪ ಅಮ್ಮ ಇಬ್ಬರೂ ಬದುಕಿದ್ದಾರೆ. 2024ರ ಜುಲೈ 30ರಂದು ಇದೇ ವಯನಾಡಿನ ಮುಂಡಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸಿದಾಗ ಹೆತ್ತವರನ್ನು ಕಳೆದುಕೊಂಡ ಮಕ್ಕಳಿಗಾಗಿ ನಾಡೆಲ್ಲ ಮಿಡಿಯಿತು, ಮಿಡಿಯಬೇಕಾದ್ದೇ. ಹೆತ್ತವರು ಇದ್ದೂ ಇಲ್ಲದಂತಾದ ಮಗುವಿನ ದುಃಖ ಮಾತ್ರ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಅದು ಸದ್ದಿಲ್ಲದೆ ಸಂಜೆಯ ದೋಣಿಯಲ್ಲಿ ದಾಟಿಬಿಡುತ್ತದೆ.

ಹಾಗಾದರೆ ಅಜ್ಜಿ ಎಲ್ಲಿಗೆ ಹೋಗಬೇಕು? ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಪ್ರತಿ ಜಿಲ್ಲೆಯಲ್ಲೂ ಮಕ್ಕಳ ಕಲ್ಯಾಣ ಸಮಿತಿ ಎಂಬುದೊಂದು ಇದೆ. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಮಹಿಳೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಹಿಂಸೆಗೆ ಸಿಕ್ಕ ಮಗುವನ್ನು ಯಾರು ಬೇಕಾದರೂ ಆ ಸಮಿತಿಯ ಮುಂದೆ ಕರೆದೊಯ್ಯಬಹುದು. ಟೀಚರು, ನರ್ಸು, ನೆರೆಮನೆಯವರು, ಕೊನೆಗೆ ಮಗುವೇ ಹೋಗಬಹುದು. ಸಮಿತಿ ವಿಚಾರಿಸಿ, ಸರಿಕಂಡರೆ ಅಜ್ಜಿಯನ್ನೇ ಯೋಗ್ಯ ವ್ಯಕ್ತಿ ಎಂದು ಒಪ್ಪಿ ಮಗುವನ್ನು ಅವರ ವಶಕ್ಕೆ ಕೊಡುವ ಆದೇಶ ಬರೆಯಬಹುದು. ಆ ಒಂದು ಹಾಳೆ ಕೈಯಲ್ಲಿದ್ದರೆ, ಕುಡಿದು ಬಂದು ಬಾಗಿಲು ಬಡಿಯುವ ಅಪ್ಪನೆದುರು ಅಜ್ಜಿ ಒಂಟಿಯಲ್ಲ. ಮಿಷನ್ ವಾತ್ಸಲ್ಯ ಎಂಬ ಕೇಂದ್ರ ಯೋಜನೆಯ ಪ್ರಾಯೋಜಕತ್ವದಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಹಳ್ಳಿಯಲ್ಲಿ ಕುಟುಂಬದ ವರಮಾನ ವರ್ಷಕ್ಕೆ 72,000 ರೂಪಾಯಿ ಮೀರಿರಬಾರದು. ಹಿಂಸೆಗೊಳಗಾದ ಮಕ್ಕಳ ಹೆಸರೂ ಆ ಪಟ್ಟಿಯಲ್ಲಿದೆ, ಹೆತ್ತವರು ಸತ್ತೇ ಇರಬೇಕೆಂದಿಲ್ಲ.

ಶಾಲೆಯ ವಿಷಯಕ್ಕೆ ಬಂದರೆ, ಟಿ.ಸಿ. ಇಲ್ಲ, ವಯಸ್ಸಿನ ದಾಖಲೆ ಇಲ್ಲ ಎಂದು ಯಾವ ಶಾಲೆಯೂ ಮಗುವನ್ನು ಹೊರಗಿಡುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಹಾಗೆ ಹೇಳುತ್ತದೆ, ರಾಜ್ಯ ದಾಟಿ ಬಂದ ಮಗುವಿಗೂ ಅದು ಅನ್ವಯ. 1098 ಮಕ್ಕಳ ಸಹಾಯವಾಣಿ. 1996ರಲ್ಲಿ ಮುಂಬಯಿಯಲ್ಲಿ ಶುರುವಾಗಿ ಈಗ ದೇಶವೆಲ್ಲ ಹಬ್ಬಿದೆ. ಹೊಳೆಯ ಆಚೆಯಿಂದ ಮಾಡಿದರೂ ಅದೇ ನಂಬರು, ಈಚೆಯಿಂದ ಮಾಡಿದರೂ ಅದೇ ನಂಬರು, ಕಾಸು ಖರ್ಚಿಲ್ಲ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲೂ ಮಲಯಾಳದಲ್ಲೂ ಮಾತಾಡುತ್ತಾರೆ. ಬರೆದಿಟ್ಟುಕೊಳ್ಳಿ.

ಇದನ್ನೆಲ್ಲ ಹೇಳಿದಾಗ ಅಜ್ಜಿ ಹೆದರಿದರು. "ಬ್ಯಾಡ ಟೀಚರಮ್ಮ, ಸರ್ಕಾರದೋರು ಬಂದ್ರೆ ಮಗಾನ ಹಾಸ್ಟೆಲಿಗೆ ಎತ್ಕೊಂಡೋಯ್ತಾರೆ." ಈ ಹೆದರಿಕೆ ಅವರೊಬ್ಬರದಲ್ಲ. ಎಷ್ಟೋ ಮನೆಗಳು ಇದೇ ಕಾರಣಕ್ಕೆ ಬಾಯಿ ಮುಚ್ಚಿಕೊಂಡಿವೆ. ಆದರೆ ಕಾಯ್ದೆಯ ಮಾತು ಬೇರೆಯೇ ಇದೆ. ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿ, ಕುಟುಂಬವೇ ಮೊದಲು ಎಂಬುದು ಅದರ ಮೂಲ ತತ್ವಗಳಲ್ಲಿ ಒಂದು. ಅಧಿಕಾರದಲ್ಲಿ ಇರುವವರಲ್ಲಿ ನನ್ನ ಕೋರಿಕೆ ಇಷ್ಟೇ: ಅಜ್ಜಿಯ ಹೊಸ್ತಿಲು ದಾಟುವಾಗ ತನಿಖೆಗೆ ಬಂದವರ ಹಾಗೆ ಬರಬೇಡಿ, ಬಾಣಂತಿಯನ್ನು ನೋಡಲು ಬಂದವರ ಹಾಗೆ ಬನ್ನಿ. ಮಗುವನ್ನು ಸಾಕುವವರನ್ನು ಸಾಕುವುದು ಸರ್ಕಾರದ ಕೆಲಸ.

ಹಾಗೆಂದು ನೆಂಟರ ಮನೆಯೆಲ್ಲ ದೇವರ ಗುಡಿಯಲ್ಲ. ಪಾತ್ರೆ ತಿಕ್ಕಲು, ದನ ಕಾಯಲು, ಕೂಸು ಆಡಿಸಲು ಬಿಟ್ಟಿ ಆಳು ಸಿಕ್ಕಿತೆಂದು ಮಗುವನ್ನು ಕರೆತಂದವರನ್ನೂ ನೋಡಿದ್ದೇನೆ. ಕೆಡುಕು ಮಾಡಿದವನೇ ನೆಂಟನಾಗಿದ್ದರೆ ಆ ಮನೆಯ ಹತ್ತಿರವೂ ಮಗು ಹೋಗಬಾರದು. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ದೂರು ಕೊಡುವುದು 2012ರ ಪೋಕ್ಸೋ ಕಾಯ್ದೆಯಲ್ಲಿ ಎಲ್ಲರಿಗೂ ಕಡ್ಡಾಯ, ಅಲ್ಲಿ ನೆಂಟಸ್ತಿಕೆಯ ಮುಲಾಜು ಸಲ್ಲದು. ಇನ್ನೊಂದು ಅಪಾಯ ಹಬ್ಬದ ದಿನ ಬರುತ್ತದೆ. ಯುಗಾದಿಗೋ ಓಣಂಗೋ ಊರ ಹಿರಿಯರು ಕೂತು, ಎಷ್ಟಾದರೂ ಹೆತ್ತಪ್ಪ, ಒಂದು ಸಲ ಕಳಿಸಿಕೊಡಿ ಅನ್ನುತ್ತಾರೆ. ಮಗುವನ್ನು ಯಾರೂ ಕೇಳುವುದಿಲ್ಲ.

ಮಗುವನ್ನು ಕೇಳಬೇಕು. ಈ ಮಾತಿಗೆ ವಯನಾಡಿನ ಮಣ್ಣಲ್ಲೇ ಒಂದು ಸಾಕ್ಷಿ ಇದೆ. ಪುಲ್ಪಳ್ಳಿಯಲ್ಲಿ ಸೀತೆ ಮತ್ತು ಲವಕುಶರ ದೇವಸ್ಥಾನವಿದೆ. ಕಾಡಿಗೆ ಕಳಿಸಲ್ಪಟ್ಟ ಸೀತೆ ಅಲ್ಲಿಗೇ ಬಂದಳು, ಆಶ್ರಮಕೊಲ್ಲಿಯಲ್ಲಿ ವಾಲ್ಮೀಕಿ ಇದ್ದರು, ಶಿಶುಮಲೆಯಲ್ಲಿ ಮಕ್ಕಳು ಆಡಿದರು ಎಂದು ಸ್ಥಳದವರು ಹೇಳುತ್ತಾರೆ. ಮರಕ್ಕಡವಿಗೆ ಹೋಗುವ ದಾರಿಯ ಸೀಮೆಯೇ ಅದು. ಅಪ್ಪನ ಅರಮನೆಯಲ್ಲಿ ಜಾಗ ಸಿಗದ ಇಬ್ಬರು ಮಕ್ಕಳನ್ನು ಒಬ್ಬ ಮುದುಕರು ಸಾಕಿದರು. ಬರೀ ಅನ್ನ ಹಾಕಿ ಸಾಕಲಿಲ್ಲ, ಅವರ ತಾಯಿಯ ಕಥೆಯನ್ನು ಅವರ ಬಾಯಲ್ಲೇ ಇಟ್ಟರು. ಕೊನೆಗೆ ಮಕ್ಕಳು ಅಪ್ಪನ ಸಭೆಯಲ್ಲೇ ನಿಂತು ಅದನ್ನು ಹಾಡಿದರು, ದೊರೆಯೂ ಕೂತು ಕೇಳಬೇಕಾಯಿತು. ಪೆಟ್ಟು ತಿಂದ ಮಗುವಿಗೆ ಬೇಕಾದ್ದು ಇದೇ. ತನ್ನ ಕಥೆಯನ್ನು ತಾನು ಹೇಳಿಕೊಳ್ಳಬೇಕು, ಕೇಳಲು ದೊಡ್ಡವರು ಕೂತಿರಬೇಕು. ತನಗೆ ಸಂಬಂಧಪಟ್ಟ ತೀರ್ಮಾನದಲ್ಲಿ ಮಗುವಿನ ಮಾತಿಗೆ ಜಾಗವಿರಬೇಕೆಂದು ಬಾಲನ್ಯಾಯ ಕಾಯ್ದೆಯೂ ಹೇಳುತ್ತದೆ.

ಸಾಕುತ್ತಿರುವ ಅಜ್ಜಿಯರೇ, ಮಾವಂದಿರೇ, ದೊಡ್ಡಮ್ಮಂದಿರೇ, ನಿಮಗೂ ಒಂದು ಮಾತು. ಮಗುವಿನ ಎದುರು ಅದರ ಅಪ್ಪನನ್ನಾಗಲಿ ಅಮ್ಮನನ್ನಾಗಲಿ ಹೀಯಾಳಿಸಬೇಡಿ. ಹೊಡೆದ ಅಪ್ಪನ ಮೇಲೂ ಮಗುವಿಗೆ ಪ್ರೀತಿ ಇರುತ್ತದೆ, ಆ ಪ್ರೀತಿಗೆ ಅದು ನಾಚಿಕೊಳ್ಳುವಂತೆ ಆಗಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ನಾನು ನಿನ್ನನ್ನು ಸಾಕಿದೆ ಅನ್ನುವ ಮಾತು ಬಾಯಿಗೆ ಬರದಿರಲಿ. ನಮ್ಮ ಭಾಷೆಯಲ್ಲಿ ಹಂಗು ಎಂಬ ಪದವಿದೆ. ಅನ್ನದ ಜೊತೆ ಹಂಗನ್ನೂ ಬಡಿಸಿದರೆ ಮಗು ಹೊಟ್ಟೆ ತುಂಬಿಸಿಕೊಳ್ಳುತ್ತದೆ, ಆದರೆ ತಲೆ ಎತ್ತುವುದಿಲ್ಲ. ನೆರೆಹೊರೆಯವರೇ, ಅಜ್ಜಿ ಸಾಕಿದ ಮಗ ಬೊಜ್ಜಕ್ಕೂ ಬಾರ ಎಂಬ ಗಾದೆಯನ್ನು ಇನ್ನಾದರೂ ಬಿಟ್ಟುಬಿಡೋಣ. ಬೊಜ್ಜ ಎಂದರೆ ಸತ್ತವರ ಉತ್ತರಕ್ರಿಯೆ. ಆ ಮಾತನ್ನು ನಮ್ಮ ಅಜ್ಜಿಯ ಮುಖದ ಮೇಲೇ ಒಬ್ಬರು ಅಂದಿದ್ದರು. ಅಜ್ಜಿ ಸೌದೆ ಒಟ್ಟುತ್ತಾ ಹೇಳಿದರಂತೆ: "ನನ್ನ ಬೊಜ್ಜಕ್ಕೆ ಅಂತ ಇವಳ್ನ ತಂದಿಲ್ಲ ಕಣವ್ವ, ಇವಳು ಬದುಕ್ಲಿ ಅಂತ ತಂದೀನಿ."

ಕೊನೆಗೆ ಅಜ್ಜಿ ಧೈರ್ಯ ಮಾಡಿದರು. ಸಮಿತಿಯ ಮುಂದೆ ಹೋಗುವಾಗ ನಾನೂ ಜೊತೆಗಿದ್ದೆ. ಎಲ್ಲಿರಬೇಕು ಅಂತ ನಿನಗೆ ಆಸೆ ಎಂದು ಹುಡುಗಿಯನ್ನು ಕೇಳಿದಾಗ ಅವಳು ಮಾತಾಡಲಿಲ್ಲ, ಅಜ್ಜಿಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಅದನ್ನೇ ಉತ್ತರವೆಂದು ತೆಗೆದುಕೊಂಡರು. ಅವತ್ತು ನನಗೆ ಸಮಾಧಾನವಾಯಿತು, ಆದರೂ ಒಳಗೊಂದು ಅಳುಕು ಇತ್ತು. ಇವಳು ಯಾವಾಗ ಬಾಯಿ ಬಿಡುತ್ತಾಳೆ?

ಅದಾಗಿ ಎಷ್ಟೋ ತಿಂಗಳ ಮೇಲೆ ಒಂದು ಭಾನುವಾರ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಮೂವರೂ ನೆಲದ ಮೇಲೆ ಕೂತಿದ್ದೆವು. ಹುಡುಗಿ ಅನ್ನಕ್ಕೆ ಹುರುಳಿ ಸಾರು ಕಲಸಿಕೊಂಡು ಒಂದು ತುತ್ತು ಬಾಯಿಗಿಟ್ಟವಳು ಮುಖ ಕಿವುಚಿದಳು. "ಅಜ್ಜೀ, ಸಾರಿಗೆ ಉಪ್ಪೇ ಹಾಕಿಲ್ಲ ನೀನು!" ಅಂದಳು, ಜೋರಾಗಿ, ಸಿಟ್ಟಿನಿಂದ. ಅಜ್ಜಿಯ ಕೈ ಅಲ್ಲೇ ನಿಂತಿತು. ಆ ಮನೆಗೆ ಬಂದ ಮೇಲೆ ಅವಳು ಊಟದ ಬಗ್ಗೆ ಆಡಿದ ಮೊದಲ ದೂರು ಅದು. ಕೊಟ್ಟದ್ದನ್ನು ಕೊಟ್ಟ ಹಾಗೆ ತಿನ್ನುತ್ತಿದ್ದ ಮಗು, ಇದು ನನ್ನ ಮನೆ, ಇಲ್ಲಿ ನಾನು ಮುನಿಸಿಕೊಳ್ಳಬಹುದು ಎಂದು ಕೊನೆಗೂ ನಂಬಿತ್ತು.

ಅಜ್ಜಿ ಎದ್ದು ಉಪ್ಪಿನ ಮಡಕೆ ತರಲು ಹೋದರು. ತಿರುಗಿ ಬರುವಾಗ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ನಿಮ್ಮ ಬೀದಿಯಲ್ಲಿ, ನಿಮ್ಮ ಕ್ಲಾಸಿನಲ್ಲಿ, ನಿಮ್ಮ ನೆಂಟರ ಮನೆಯಲ್ಲಿ ಕೊಟ್ಟದ್ದನ್ನು ತಲೆ ತಗ್ಗಿಸಿ ತಿನ್ನುವ ಮಗು ಇದ್ದೀತು. ನಾನು ಮಾಡಿದ ಹಾಗೆ ನೀವು ಸುಮ್ಮನಿರಬೇಡಿ. ಹತ್ತಿರ ಹೋಗಿ, ಕೇಳಿ. ಸಾಕುತ್ತಿರುವವರ ಹೆಗಲಿಗೆ ಹೆಗಲು ಕೊಡಿ. ಆ ಮಗು ಸಾರಿಗೆ ಉಪ್ಪಿಲ್ಲ ಅನ್ನುವ ದಿನ ಬೇಗ ಬರಲಿ.